ಮೂವತ್ತನಾಲ್ಕು ಜನರ ಕುಟುಂಬ ಮಿಲನ ಮತ್ತು ಮುಳ್ಳಯ್ಯನಗಿರಿ: ಸಲಹೆ ಬೇಕಾಗಿದೆ

ಬಯಲ ಮೊಮ್ಮಗ · 14 ಸೆಪ್ಟೆಂಬರ್ 2025

ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಈ ಡಿಸೆಂಬರಿನಲ್ಲಿ ನಮ್ಮ ತಂದೆಯ ಕಡೆಯ ಬಂಧುಗಳೆಲ್ಲ ಒಂದೆಡೆ ಸೇರಬೇಕೆಂದು ನಿಶ್ಚಯಿಸಿದ್ದೇವೆ. ಲೆಕ್ಕ ಹಾಕಿದರೆ ಮೂವತ್ತನಾಲ್ಕು ಜನರಾಗುತ್ತೇವೆ. ಎಲ್ಲರಿಗಿಂತ ಹಿರಿಯರು ಎಂಬತ್ತಮೂರು ವರ್ಷದ ನಮ್ಮ ಅಜ್ಜಿ. ಎಲ್ಲರಿಗಿಂತ ಕಿರಿಯಳು ನನ್ನ ತಮ್ಮನ ನಾಲ್ಕು ವರ್ಷದ ಮಗಳು. ಬೆಂಗಳೂರು, ಹುಬ್ಬಳ್ಳಿ, ಮುಂಬೈಗಳಿಂದ ಬರುವವರ ಜೊತೆಗೆ ಅಮೆರಿಕದಿಂದ ಸೋದರತ್ತೆಯ ಮಗಳ ಸಂಸಾರವೂ ಬರುತ್ತಿದೆ. ಅವರ ಮಕ್ಕಳಿಗೆ ದೀರ್ಘ ರಜೆ ಸಿಗುವುದು ಜೂನ್, ಜುಲೈಗಳಲ್ಲಿ, ಬಿಟ್ಟರೆ ಡಿಸೆಂಬರಿನ ಕೊನೆಯಲ್ಲಿ.

ನಮ್ಮ ಮೂಲ ಸಖರಾಯಪಟ್ಟಣದ ಹತ್ತಿರದ ಒಂದು ಹಳ್ಳಿ. ಮನೆ, ಜಮೀನು ಎರಡೂ ಕೈಬಿಟ್ಟು ಮೂವತ್ತು ವರ್ಷಗಳಾದವು. ಮನೆಯಿದ್ದ ಜಾಗದಲ್ಲಿ ಈಗ ಬೇರೆಯವರ ತೆಂಗಿನ ತೋಟವಿದೆ. ಹೀಗಾಗಿ ಊರಿಗೆ ಹೋಗೋಣವೆಂದು ಯಾರಾದರೂ ಹೇಳಿದರೆ, ಯಾರ ಮನೆಗೆ ಎಂಬ ಪ್ರಶ್ನೆ ಮೊದಲು ಬರುತ್ತದೆ. ದೊಡ್ಡಪ್ಪ ಒಂದು ಮಾತು ಹೇಳಿದರು: ಆ ಮನೆಯ ಹಿತ್ತಲಲ್ಲಿ ನಿಂತರೆ ಪಡುವಣಕ್ಕೆ ಗಿರಿಯ ಸಾಲು ಕಾಣುತ್ತಿತ್ತಂತೆ, ಅಜ್ಜ ಅದರ ನೆತ್ತಿಯ ಮೋಡವನ್ನು ನೋಡಿಯೇ ಹೊಲಕ್ಕೆ ಹೋಗುವುದೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರಂತೆ, ಮನೆ ಹೋದರೂ ಗಿರಿ ಹೋಗಿಲ್ಲವಲ್ಲ, ಅಲ್ಲಿಗೇ ಹೋಗೋಣ ಎಂದರು. ಅಮೆರಿಕದ ಮಕ್ಕಳಿಗಂತೂ ಅದು ಕರ್ನಾಟಕದ ಅತಿ ಎತ್ತರದ ಜಾಗವೆಂದು ತಿಳಿದ ಮೇಲೆ ಬೇರೆ ಯಾವ ಊರಿನ ಹೆಸರೂ ರುಚಿಸುತ್ತಿಲ್ಲ.

ಯಾವ ದಿನಗಳು ಸೂಕ್ತ, ವಾಹನಗಳನ್ನು ಹೇಗೆ ಹೊಂದಿಸಬೇಕು, ಮೂರು ದಿನಗಳ ಮಿಲನದಲ್ಲಿ ಬೆಟ್ಟಕ್ಕೆ ಎಷ್ಟು ಹೊತ್ತು ಕೊಡಬೇಕು ಎಂಬುದನ್ನು ಅನುಭವಸ್ಥರು ತಿಳಿಸಬೇಕೆಂದು ಕೋರುತ್ತೇನೆ. ಎಲ್ಲಕ್ಕಿಂತ ಮುಖ್ಯವಾಗಿ, ಮಂಡಿನೋವಿರುವ ಅಜ್ಜಿಯನ್ನು ಏನು ಮಾಡುವುದೆಂದು ತೋಚುತ್ತಿಲ್ಲ. ಬಿಟ್ಟು ಹೋಗುವಂತಿಲ್ಲ, ಹತ್ತಿಸುವಂತೆಯೂ ಇಲ್ಲ.

ಗಿರಿತಪ್ಪಲು · 14 ಸೆಪ್ಟೆಂಬರ್ 2025

ಕೈಮರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಮುಳ್ಳಯ್ಯನಗಿರಿಗೂ ಬಾಬಾಬುಡನ್‌ಗಿರಿಗೂ ಹೋಗುವ ವಾಹನಗಳು ಕೈಮರದ ತಪಾಸಣಾ ಠಾಣೆಯನ್ನು ದಾಟಿಯೇ ಹೋಗಬೇಕಾದ್ದರಿಂದ, ಯಾವ ದಿನ ಎಷ್ಟು ಜನ ಬಂದರೆಂಬುದು ನಮಗೆ ಯಾರೂ ಹೇಳದೆಯೇ ಗೊತ್ತಾಗುತ್ತದೆ.

ಮೊದಲು ದಿನದ ವಿಷಯ. ಜೂನ್, ಜುಲೈ ಬೇಡವೇ ಬೇಡ. ಆಗ ಗಿರಿಯ ಮೇಲೆ ಮಳೆ, ಗಾಳಿ, ಮಂಜು ಬಿಟ್ಟರೆ ಇನ್ನೇನೂ ಇರುವುದಿಲ್ಲ. ಮಳೆ ಜೋರಾದ ವಾರಗಳಲ್ಲಿ ಗುಡ್ಡ ಜರಿದು ದಾರಿಯೇ ಮುಚ್ಚಿಹೋಗುವುದುಂಟು. ಡಿಸೆಂಬರ್ ಒಳ್ಳೆಯದು, ಆದರೆ ಎರಡು ಸಂಗತಿಗಳನ್ನು ನೋಡಿಕೊಳ್ಳಿ. ಒಂದು, ದತ್ತ ಜಯಂತಿ. ಮಾರ್ಗಶಿರ ಹುಣ್ಣಿಮೆಯ ಆಸುಪಾಸಿನ ಕೆಲವು ದಿನ ಪ್ರವಾಸಿಗರಿಗೆ ಗಿರಿಯ ಪ್ರವೇಶವನ್ನು ಜಿಲ್ಲಾಡಳಿತ ನಿರ್ಬಂಧಿಸುತ್ತದೆ. ಆ ಹುಣ್ಣಿಮೆ 2023ರಲ್ಲಿ ಡಿಸೆಂಬರ್ 26ಕ್ಕೆ ಬಿತ್ತು, 2024ರಲ್ಲಿ ಡಿಸೆಂಬರ್ 14ಕ್ಕೆ. ಈ ಸಲ ಡಿಸೆಂಬರ್ 4ಕ್ಕೇ ಮುಗಿಯುತ್ತದೆ, ನಿಮ್ಮ ಅದೃಷ್ಟ. ಎರಡನೆಯದು ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ಜನಜಾತ್ರೆ. ನನ್ನನ್ನು ಕೇಳಿದರೆ ಡಿಸೆಂಬರ್ 22ರ ಸೋಮವಾರ ಬಂದು ಸೇರಿ, ಮಂಗಳವಾರ ಗಿರಿಗೆ ಹೋಗಿ, ಬುಧವಾರ ಹೊರಟುಬಿಡಿ. ಮಕ್ಕಳಿಗೆ ಶಾಲೆ ಒಂದೆರಡು ದಿನ ತಪ್ಪಿದರೆ ತಪ್ಪಲಿ.

ಈ ತಿಂಗಳಿನಿಂದ ಗಿರಿಗೆ ಹೋಗುವ ವಾಹನಗಳಿಗೆ ಆನ್‌ಲೈನ್ ಮುಂಗಡ ನೋಂದಣಿ ಕಡ್ಡಾಯವಾಗಿದೆ. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಎಂದು ಎರಡು ಭಾಗ ಮಾಡಿ, ಒಂದೊಂದಕ್ಕೂ ಇಂತಿಷ್ಟೇ ವಾಹನ ಎಂದು ಮಿತಿ ಹಾಕಿದ್ದಾರೆ. ನೀವು ಬೆಳಗಿನ ಪಾಳಿಯನ್ನೇ ಹಿಡಿಯಿರಿ. ಬಸ್ಸನ್ನು ಮರೆತುಬಿಡಿ, ಮೇಲಿನ ದಾರಿಯಲ್ಲಿ ಎದುರಿನಿಂದ ಒಂದು ಜೀಪು ಬಂದರೆ ಯಾರಾದರೂ ಹಿಂದಕ್ಕೆ ಸರಿಯಲೇಬೇಕು, ಆ ತಿರುವುಗಳಲ್ಲಿ ದೊಡ್ಡ ಗಾಡಿಯನ್ನು ಹಿಂದಕ್ಕೆ ಸರಿಸುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ವಸತಿಯವರೆಗೆ ಟೆಂಪೊ ಟ್ರಾವೆಲರ್‌ಗಳಲ್ಲಿ ಬನ್ನಿ, ಅಲ್ಲಿಂದ ಮುಂದಕ್ಕೆ ಇಲ್ಲಿಯ ಜೀಪುಗಳನ್ನು ಗೊತ್ತುಮಾಡಿಕೊಳ್ಳಿ. ಹುಬ್ಬಳ್ಳಿಯವರು ಕಾರಿನಲ್ಲೇ ಬರಬೇಕೆಂದಿಲ್ಲ. ಕಡೂರಿಗೆ ರೈಲಿನಲ್ಲಿ ಬಂದರೆ ಅಲ್ಲಿಂದ ಚಿಕ್ಕಮಗಳೂರು ಸುಮಾರು 40 ಕಿ.ಮೀ. ಆ ರಸ್ತೆ ನಿಮ್ಮ ಸಖರಾಯಪಟ್ಟಣದ ಮೇಲೆಯೇ ಹಾದು ಬರುತ್ತದೆ.

ಪೇಟೆಯಿಂದ ಗಿರಿಗೆ ಸುಮಾರು 20 ಕಿ.ಮೀ. ವಾಹನ ನಿಲ್ಲುವ ಜಾಗದಿಂದ ತುದಿಗೆ ಕೆಲವು ನೂರು ಮೆಟ್ಟಿಲುಗಳಿವೆ. ಸರ್ಪದಾರಿಯಿಂದ ನಡೆದು ಹತ್ತುವ ಹಾದಿಯೂ ಇದೆ. ಹೆಸರಿಗೆ ತಕ್ಕಂತೆ ಹಾವಿನ ಹಾಗೆ ಹೊರಳುತ್ತಾ ಬೋಳು ಗುಡ್ಡದ ಏಣಿನ ಮೇಲೆ ಸಾಗುತ್ತದೆ. ಹುಡುಗರು ಬೇಕಾದರೆ ಅದನ್ನು ಹಿಡಿಯಲಿ, ಆದರೆ ಜೊತೆಗೆ ಹಿರಿಯರೊಬ್ಬರು ಇರಲಿ. ಅಜ್ಜಿಯ ವಿಷಯಕ್ಕೆ ಸೀತಾಳಯ್ಯನಗಿರಿಯನ್ನು ಯೋಚಿಸಿ. ಅದೂ ಇದೇ ದಾರಿಯಲ್ಲಿದೆ, ದೇವಸ್ಥಾನದ ಹತ್ತಿರದವರೆಗೂ ವಾಹನ ಹೋಗುತ್ತದೆ. ಶೀತಲ ಮಲ್ಲಿಕಾರ್ಜುನನ ಸನ್ನಿಧಿಯ ನೀರು ಮಳೆಗಾಲದಲ್ಲಿ ಉಕ್ಕುವುದಿಲ್ಲ, ಬೇಸಿಗೆಯಲ್ಲಿ ಬತ್ತುವುದಿಲ್ಲವೆಂಬ ನಂಬಿಕೆಯಿದೆ. ಅಲ್ಲಿ ಕುಳಿತರೆ ಎದುರಿಗೇ ಗಿರಿ.

ಭೂಗೋಳದ ಮೇಷ್ಟ್ರು · 15 ಸೆಪ್ಟೆಂಬರ್ 2025

ಎತ್ತರದ ಬಗ್ಗೆ ಮಕ್ಕಳು ಖಂಡಿತ ಕೇಳುತ್ತಾರೆ, ಉತ್ತರ ಸಿದ್ಧವಿರಲಿ. ನಾನು ಪಾಠ ಮಾಡುತ್ತಿದ್ದ ಕಾಲದ ಪುಸ್ತಕದಲ್ಲಿ 1,913 ಮೀಟರ್ ಎಂದಿತ್ತು. ಈಗ ಹೆಚ್ಚಿನ ಕಡೆ 1,930 ಎಂದು ಕೊಡುತ್ತಾರೆ. ಯಾವುದನ್ನು ಒಪ್ಪಿದರೂ ರಾಜ್ಯದ ಮೊದಲ ಸ್ಥಾನಕ್ಕೆ ಧಕ್ಕೆಯಿಲ್ಲ, ಏಕೆಂದರೆ ನಂತರದ ಬಾಬಾಬುಡನ್‌ಗಿರಿ 1,895, ಕುದುರೆಮುಖ 1,894. ಆದರೆ ಹಿಮಾಲಯ ಮತ್ತು ನೀಲಗಿರಿಗಳ ನಡುವೆ ಇದಕ್ಕಿಂತ ಎತ್ತರದ ಬೆಟ್ಟವಿಲ್ಲವೆಂದು ಹಲವರು ಬರೆಯುತ್ತಾರಲ್ಲ, ಅದನ್ನು ಮಕ್ಕಳಿಗೆ ಹೇಳಬೇಡಿ. ನೀಲಗಿರಿಗಿಂತ ಉತ್ತರಕ್ಕೆ ವಯನಾಡಿನಲ್ಲಿ ಬಾಣಾಸುರ ಬೆಟ್ಟ 2,073 ಮೀಟರ್ ಇದೆ.

ಚಿಕ್ಕಮಗಳೂರು ಪೇಟೆಯೇ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ತುದಿಗೆ ಎಂಟುನೂರು ಮೀಟರಿಗಿಂತ ಹೆಚ್ಚು ಏರುತ್ತೀರಿ, ಉಷ್ಣಾಂಶ ಐದು ಡಿಗ್ರಿಯಷ್ಟು ಇಳಿಯುತ್ತದೆ, ಗಾಳಿ ಬೀಸಿದರೆ ಚಳಿ ಅದರ ಇಮ್ಮಡಿ ಅನ್ನಿಸುತ್ತದೆ. ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಐದನೇ ನಾಲ್ಕು ಭಾಗದಷ್ಟು. ಆರೋಗ್ಯವಂತರಿಗೆ ಇದರಿಂದ ಏನೂ ಆಗದು. ಗಾಳಿ ತುಂಬಿದ ಚಿಪ್ಸ್ ಪೊಟ್ಟಣ ಮೇಲೆ ಹೋದಂತೆ ಉಬ್ಬುವುದನ್ನು ತೋರಿಸಿದರೆ ಮಕ್ಕಳಿಗೆ ವಾಯುಭಾರದ ಪಾಠ ಒಂದೇ ನಿಮಿಷದಲ್ಲಿ ತಲೆಗೆ ಹತ್ತುತ್ತದೆ, ಆದರೆ ಗಿರಿಗೆ ಪ್ಲಾಸ್ಟಿಕ್ ಒಯ್ಯುವುದು ನಿಷಿದ್ಧವಾದ್ದರಿಂದ ಈ ಪ್ರಯೋಗವನ್ನು ಬಾಯಿಮಾತಿನಲ್ಲೇ ಮುಗಿಸಬೇಕು.

ಚಂದ್ರದ್ರೋಣ ಎಂಬ ಹೆಸರನ್ನೂ ವಿವರಿಸಿ. ಈ ಪರ್ವತಸಾಲು ಬಿದಿಗೆಯ ಚಂದ್ರನಂತೆ ಬಾಗಿದೆ. ಭೂಪಟವನ್ನು ಹಿಂದಿನ ರಾತ್ರಿಯೇ ತೋರಿಸಿದರೆ ಮರುದಿನ ಮೇಲೆ ನಿಂತಾಗ ಆ ಬಾಗನ್ನು ಅವರೇ ಗುರುತಿಸುತ್ತಾರೆ.

ಪುಣೆ ಕನ್ನಡಿಗ · 15 ಸೆಪ್ಟೆಂಬರ್ 2025

ನಾವು ಇಂಥದೇ ಸಾಹಸವನ್ನು ಮಹಾರಾಷ್ಟ್ರದಲ್ಲಿ ಮಾಡಿದ್ದೇವೆ, ಮಾಡಿ ಪೆಟ್ಟು ತಿಂದಿದ್ದೇವೆ. ಆ ರಾಜ್ಯದ ಅತಿ ಎತ್ತರದ ಶಿಖರ ಕಳಸೂಬಾಯಿ. ಎತ್ತರ 1,646 ಮೀಟರ್, ಎಂದರೆ ನಿಮ್ಮ ಗಿರಿಗಿಂತ ಕಡಿಮೆ. ಆ ಸಂಖ್ಯೆಯನ್ನು ನೋಡಿಯೇ ನಾವು ಮೋಸಹೋದದ್ದು. ಅಲ್ಲಿ ಶಿಖರದ ಹತ್ತಿರಕ್ಕೆ ರಸ್ತೆಯಿಲ್ಲ. ಬುಡದ ಬಾರಿ ಗ್ರಾಮದಿಂದ ನಡೆದೇ ಹತ್ತಬೇಕು, ನಡುನಡುವೆ ಕಡಿದಾದ ಬಂಡೆಗಳಿಗೆ ಕಬ್ಬಿಣದ ಏಣಿಗಳನ್ನು ಹಾಕಿದ್ದಾರೆ. ಇಪ್ಪತ್ತೇಳು ಜನ ಹೊರಟೆವು, ಹನ್ನೊಂದು ಜನ ತುದಿಯಲ್ಲಿದ್ದ ದೇವಿಯ ಗುಡಿಯನ್ನು ಮುಟ್ಟಿದೆವು.

ಉಳಿದ ಹದಿನಾರು ಜನ ಹತ್ತಲಾರದೆ ಹೋದದ್ದು ತೊಂದರೆಯಲ್ಲ, ಅವರಿಗಾಗಿ ನಾವು ಏನನ್ನೂ ಯೋಚಿಸಿರಲಿಲ್ಲ ಎಂಬುದೇ ತೊಂದರೆ. ಊಟದ ಡಬ್ಬಿಗಳು ಹತ್ತಿದವರ ಚೀಲದಲ್ಲಿದ್ದವು. ಕಾರಿನ ಕೀಲಿಯೊಂದು ನನ್ನ ಜೇಬಿನಲ್ಲಿತ್ತು. ಫೋನ್ ಸಿಗ್ನಲ್ ಇರಲಿಲ್ಲ. ಸಂಜೆ ಇಳಿದು ಬಂದಾಗ ನನ್ನ ಷಡ್ಡಕರು ಮುಖ ತಿರುಗಿಸಿಕೊಂಡು ಕೂತಿದ್ದರು, ಆ ಮುನಿಸು ಇಳಿಯಲು ಒಂದು ದೀಪಾವಳಿ ಕಳೆಯಬೇಕಾಯಿತು. ಆದ್ದರಿಂದ ನನ್ನ ಸಲಹೆ ಒಂದೇ: ಹತ್ತದವರಿಗೆ ಅವರದೇ ಆದ ವಾಹನ, ಅವರದೇ ಊಟ, ಅವರದೇ ನೋಡುವ ಜಾಗ ಇರಲಿ. ಹತ್ತುವವರು ಬರುವವರೆಗೆ ಕಾಯುವುದೇ ಅವರ ಕೆಲಸವಾಗಬಾರದು.

ದೂರದ ಕನ್ನಡಿತಿ · 16 ಸೆಪ್ಟೆಂಬರ್ 2025

ನಾನಿರುವುದು ಅಮೆರಿಕದ ಉತ್ತರ ಕೆರೊಲಿನಾದಲ್ಲಿ. ಇಲ್ಲಿಯ ಹಲವರಿಗೆ ಒಂದೊಂದು ರಾಜ್ಯದ ಅತಿ ಎತ್ತರದ ಬಿಂದುವನ್ನೂ ಮುಟ್ಟಿ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುವ ಹವ್ಯಾಸವಿದೆ. ನಿಮ್ಮ ಸೋದರತ್ತೆಯ ಮೊಮ್ಮಕ್ಕಳಿಗೂ ಆ ಗುಂಗು ಅಲ್ಲಿಂದಲೇ ಹತ್ತಿರಬಹುದು. ನಮ್ಮ ರಾಜ್ಯದ್ದು ಮೌಂಟ್ ಮಿಚೆಲ್. 2,037 ಮೀಟರ್, ಅಂದರೆ ಮುಳ್ಳಯ್ಯನಗಿರಿಗಿಂತ ನೂರು ಮೀಟರ್ ಹೆಚ್ಚು. ಮಿಸಿಸಿಪಿ ನದಿಯ ಪೂರ್ವಕ್ಕೆ ಅದಕ್ಕಿಂತ ಎತ್ತರದ ಶಿಖರವಿಲ್ಲ. ಆದರೂ ನನ್ನ ಅತ್ತೆಯವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ತುದಿಯವರೆಗೂ ಕರೆದೊಯ್ದಿದ್ದೆವು. ವಾಹನ ನಿಲ್ಲಿಸಿದ ಜಾಗದಿಂದ ಕಾಲು ಕಿ.ಮೀ.ನಷ್ಟು ಗಟ್ಟಿ ಹಾದಿ, ಕೊನೆಗೆ ಇಳಿಜಾರು ಹಾದಿಯ ಕಟ್ಟೆ, ಅಷ್ಟೇ. 2024ರ ಸೆಪ್ಟೆಂಬರಿನ ಹೆಲೀನ್ ಚಂಡಮಾರುತದ ನಂತರ ಆ ಉದ್ಯಾನ ಬಹಳ ಕಾಲ ಮುಚ್ಚಿತ್ತು. ಒಂದು ಬೆಟ್ಟ ಎಷ್ಟು ಎತ್ತರವಿದೆ ಎಂಬುದಕ್ಕೂ ಮುದುಕರಿಗೆ ಎಷ್ಟು ಕಷ್ಟ ಎಂಬುದಕ್ಕೂ ಸಂಬಂಧವಿಲ್ಲ. ಕೊನೆಯ ಕಾಲು ಕಿ.ಮೀ. ಹೇಗಿದೆ ಎಂಬುದನ್ನು ವಿಚಾರಿಸಬೇಕು, ಮುಳ್ಳಯ್ಯನಗಿರಿಯಲ್ಲಿ ಅದು ಮೆಟ್ಟಿಲು.

ವಿಷಯ ಬಂದದ್ದರಿಂದ ಹೇಳುತ್ತೇನೆ. ಮೌಂಟ್ ಮಿಚೆಲ್ಲಿನ ತುದಿಯಲ್ಲಿ ಎಲೈಷಾ ಮಿಚೆಲ್ ಎಂಬ ಪ್ರಾಧ್ಯಾಪಕರ ಸಮಾಧಿಯಿದೆ. ಆ ಬೆಟ್ಟದ ಎತ್ತರದ ಬಗ್ಗೆ ತಾವು ಹೇಳಿದ್ದನ್ನು ಸಾಬೀತುಪಡಿಸಲು 1857ರಲ್ಲಿ ಮತ್ತೆ ಹೋಗಿ, ಜಲಪಾತವೊಂದರ ಬಳಿ ಬಿದ್ದು ತೀರಿಕೊಂಡವರು. ಅದನ್ನು ನೋಡಿದ ಕೂಡಲೇ ನನ್ನ ಅತ್ತೆಯವರು ಅದನ್ನು ಗದ್ದುಗೆ ಎಂದೇ ಕರೆದರು, ಕೈಮುಗಿದರು. ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಇರುವುದೂ ಗುಹೆಯಲ್ಲಿ ತಪಸ್ಸು ಮಾಡಿದರೆಂದು ನಂಬಲಾಗುವ ಮುಳ್ಳಪ್ಪ ಸ್ವಾಮಿಯವರ ಗದ್ದುಗೆಯಲ್ಲವೆ? ನಿಮ್ಮ ಕಡೆಯ ಮಕ್ಕಳಿಗೆ ಇದನ್ನು ಹೇಳಿ.

ಹುಲ್ಲುಗಾವಲು · 17 ಸೆಪ್ಟೆಂಬರ್ 2025

ನನ್ನ ಮಾತು ಕಟುವೆನ್ನಿಸಿದರೆ ಕ್ಷಮಿಸಿ. ಮೂವತ್ತನಾಲ್ಕು ಜನ ಒಟ್ಟಿಗೆ ಗಿರಿಗೆ ಹೋಗುವುದು ಅಗತ್ಯವೆ? ಅಲ್ಲಿರುವುದು ಶೋಲಾ ಕಾಡು ಮತ್ತು ಹುಲ್ಲುಗಾವಲು. ಆ ಹುಲ್ಲಿನ ಹೊದಿಕೆ ಮಳೆ ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವುದರಿಂದಲೇ ಕೆಳಗಿನ ಹಳ್ಳಗಳು ಹರಿಯುತ್ತವೆ, ಕೆರೆಗಳು ತುಂಬುತ್ತವೆ. 2022ರಲ್ಲಿ ಗಿರಿಯಲ್ಲಿ ಕುರಿಂಜಿ ಅರಳಿದಾಗ ಬಂದ ಜನ ಫೋಟೋಗಾಗಿ ಗಿಡಗಳ ನಡುವೆಯೇ ನುಗ್ಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಮಿಲನವನ್ನು ಎಲ್ಲಿ ಬೇಕಾದರೂ ಮಾಡಬಹುದು. ಎತ್ತರವೇ ಬೇಕೆಂದರೆ ಊಟಿಯ ಹತ್ತಿರದ ದೊಡ್ಡಬೆಟ್ಟಕ್ಕೆ ಹೋಗಿ. 2,637 ಮೀಟರ್, ತುದಿಯವರೆಗೂ ರಸ್ತೆ, ತಮಿಳುನಾಡಿನ ಅತಿ ಎತ್ತರದ ಶಿಖರವಾದರೂ ಹೆಸರು ನಮ್ಮದೇ. ಅಜ್ಜಿಯ ಸಮಸ್ಯೆಯೂ ಬಗೆಹರಿಯುತ್ತದೆ.

ಗಿರಿತಪ್ಪಲು · 17 ಸೆಪ್ಟೆಂಬರ್ 2025

ಹುಲ್ಲುಗಾವಲು ಅವರ ಕಳಕಳಿಯನ್ನು ನಾನು ಗೌರವಿಸುತ್ತೇನೆ, ನಮ್ಮ ತೋಟಕ್ಕೆ ಬರುವ ನೀರೂ ಅದೇ ಹುಲ್ಲಿನಿಂದ ಇಳಿದದ್ದು. ಆದರೆ ದೊಡ್ಡಬೆಟ್ಟದ ಸಲಹೆಯನ್ನು ಒಪ್ಪಲಾರೆ. ಈ ಕುಟುಂಬ ಎತ್ತರವನ್ನು ಹುಡುಕಿಕೊಂಡು ಬರುತ್ತಿಲ್ಲ. ತಮ್ಮ ಹಿತ್ತಲಿನಿಂದ ಕಾಣುತ್ತಿದ್ದ ಬೆಟ್ಟವನ್ನು ನೋಡಲು ಬರುತ್ತಿದೆ, ಅದು ರಾಜ್ಯದ ಅತಿ ಎತ್ತರದ್ದಾಗಿರುವುದು ಕಾಕತಾಳೀಯ. ಬಯಲಿನ ಎಷ್ಟೋ ಮನೆಗಳಿಗೆ ಮುಳ್ಳಪ್ಪ ಸ್ವಾಮಿ ಹರಕೆಯ ದೇವರು. ಅವರು ಮೆಟ್ಟಿಲು ಹತ್ತಿ ಬಂದರೆ ಅದನ್ನು ಪ್ರವಾಸವೆಂದು ಯಾರೂ ಕರೆಯುತ್ತಿರಲಿಲ್ಲ. ಐದು ಜೀಪಿನ ಬದಲು ನಾಲ್ಕರಲ್ಲಿ ಬರಲಿ, ಹಾದಿ ಬಿಟ್ಟು ಹುಲ್ಲಿಗೆ ಇಳಿಯದಿರಲಿ, ಒಯ್ದದ್ದನ್ನೆಲ್ಲ ವಾಪಸು ತರಲಿ.

ಹಿರಿಸೊಸೆ · 18 ಸೆಪ್ಟೆಂಬರ್ 2025

ಇಷ್ಟು ಹೊತ್ತು ಮೀಟರು, ಮಳೆ, ಹುಲ್ಲುಗಳ ಬಗ್ಗೆ ಮಾತಾಯಿತು. ಶೌಚಾಲಯದ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಮೂವತ್ತನಾಲ್ಕರಲ್ಲಿ ಅರ್ಧದಷ್ಟು ಹೆಂಗಸರು, ಹೆಣ್ಣುಮಕ್ಕಳು ಇರಬೇಕು; ಬೆಳಗಿನ ಜಾವ ಐದಕ್ಕೆ ಎಬ್ಬಿಸಿ ಜೀಪು ಹತ್ತಿಸಿದರೆ ಆಮೇಲೆ ನಾಲ್ಕು ಗಂಟೆ ಕಾಲ ಅವರ ಗತಿಯೇನು? ಗಿರಿಗೆ ಹತ್ತಿರದಲ್ಲೇ ವಸತಿ ಹಿಡಿಯಿರಿ, ಬೇಗ ಹೋಗಿ ಬೇಗ ಇಳಿಯಿರಿ. ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ ಹತ್ತಬಾರದು. ಎರಡು ಇಡ್ಲಿಯನ್ನಾದರೂ ಹೊರಡುವ ಮುಂಚೆ ತಿನ್ನಿಸಿ. ತಿರುವುಗಳಲ್ಲಿ ಮಕ್ಕಳಿಗೆ ವಾಂತಿ ಖಚಿತ, ನಿಂಬೆಹಣ್ಣು, ಹಳೆಯ ಟವೆಲು ಪ್ರತಿ ಜೀಪಿನಲ್ಲೂ ಇರಲಿ.

ಇನ್ನೊಂದು ಮಾತು. ಇಂಥ ಮಿಲನಗಳಲ್ಲಿ ಗಂಡಸರು ಹರಟುತ್ತಾರೆ, ಮಕ್ಕಳು ಆಡುತ್ತಾರೆ, ಸೊಸೆಯಂದಿರು ಅಡುಗೆಮನೆಯಲ್ಲಿ ಬೇಯುತ್ತಾರೆ. ಹಣ ಹೆಚ್ಚಾದರೂ ಚಿಂತೆಯಿಲ್ಲ, ಊಟವನ್ನು ವಸತಿಯವರಿಗೇ ಒಪ್ಪಿಸಿ. ಕಡುಬು, ಅಕ್ಕಿರೊಟ್ಟಿ, ಬಿಸಿ ಸಾರು ಅವರು ನಮಗಿಂತ ಚೆನ್ನಾಗಿ ಮಾಡುತ್ತಾರೆ. ಓರಗಿತ್ತಿಯರು ಮಂಗಳವಾರ ಬೆಳಿಗ್ಗೆ ಗಿರಿಯ ಮೇಲಿರಬೇಕು, ಒಲೆಯ ಮುಂದಲ್ಲ.

ಬೆಟ್ಟದ ಮೇಲೆ ಕುಟುಂಬದ ಮಾತು ನಡೆಯುತ್ತದೆಂದು ಭಾವಿಸಬೇಡಿ. ಅಲ್ಲಿ ಗಾಳಿಯ ಸದ್ದಿಗೆ ಪಕ್ಕದವರ ಮಾತೇ ಕೇಳಿಸುವುದಿಲ್ಲ, ಎಲ್ಲರೂ ಮಕ್ಕಳನ್ನು ಅಂಚಿನಿಂದ ಎಳೆದುಕೊಳ್ಳುವುದರಲ್ಲೇ ಇರುತ್ತಾರೆ. ವಂಶವೃಕ್ಷ, ಹಳೆಯ ಫೋಟೋ, ಅಜ್ಜಿಯ ನೆನಪುಗಳನ್ನೆಲ್ಲ ಹಿಂದಿನ ಸಂಜೆಗೂ ಆ ದಿನದ ಸಂಜೆಗೂ ಇಟ್ಟುಕೊಳ್ಳಿ.

ಬಯಲ ಮೊಮ್ಮಗ · 20 ಸೆಪ್ಟೆಂಬರ್ 2025

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಋಣಿ. ಹಿರಿಸೊಸೆಯವರ ಬರಹವನ್ನು ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ, ಐದು ನಿಮಿಷದಲ್ಲಿ ಒಂಬತ್ತು ಜನ ಹೆಂಗಸರು ಕೈಮುಗಿದ ಚಿತ್ರ ಕಳಿಸಿದರು. ಡಿಸೆಂಬರ್ 22ರಿಂದ 24ರವರೆಗೆ ಎಂದು ತೀರ್ಮಾನವಾಗಿದೆ. ಬೇಲೂರನ್ನೂ ಹಳೇಬೀಡನ್ನೂ ಸೇರಿಸಬೇಕೆಂದು ಮುಂಬೈಯ ಚಿಕ್ಕಪ್ಪ ಹಟ ಹಿಡಿದಿದ್ದಾರೆ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ನೋಡಿಲ್ಲವಂತೆ. ಶೃಂಗೇರಿ, ಹೊರನಾಡು ಎಂದು ಚಿಕ್ಕಮ್ಮ. ಯಾವುದನ್ನು ಸೇರಿಸಲಿ, ಯಾವುದನ್ನು ಬಿಡಲಿ?

ಗಿರಿತಪ್ಪಲು · 20 ಸೆಪ್ಟೆಂಬರ್ 2025

ಮೂರು ದಿನದಲ್ಲಿ ಇಷ್ಟನ್ನೂ ಮಾಡಿದರೆ ನೀವು ಬಂಧುಗಳ ಮುಖ ನೋಡುವುದಿಲ್ಲ, ಮುಂದಿನ ಸೀಟಿನ ಬೆನ್ನು ನೋಡುತ್ತೀರಿ. ಶೃಂಗೇರಿ, ಹೊರನಾಡುಗಳನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ. ಬೆಂಗಳೂರಿನವರು ಹಾಸನದ ಮೇಲೆ ಬರುವುದರಿಂದ ಬೇಲೂರು ದಾರಿಯಲ್ಲೇ ಸಿಗುತ್ತದೆ, ಚಿಕ್ಕಪ್ಪ ಅವರ ಗಾಡಿಗೆ ಸೇರಿಕೊಳ್ಳಲಿ. ಎಲ್ಲರೂ ಸೇರಿ ಒಂದು ಗುಡಿ ನೋಡಬೇಕೆಂದರೆ ಬೆಳವಾಡಿಯ ವೀರನಾರಾಯಣ ದೇವಸ್ಥಾನ ಸಾಕು. ಬೇಲೂರಿನ ನೂಕುನುಗ್ಗಲು ಅಲ್ಲಿಲ್ಲ; ಕನ್ನಡಿಯಂತೆ ಹೊಳೆಯುವ ಕಂಬಗಳ ವಿಶಾಲ ಮಂಟಪದಲ್ಲಿ ಹಿರಿಯರು ಕಾಲು ಚಾಚಿ ಕೂರಬಹುದು. ಗಿರಿಯಿಂದ ಇಳಿದ ಸಂಜೆ ಹಿರೇಕೊಳಲೆ ಕೆರೆಯ ಏರಿಯ ಮೇಲೆ ಒಂದು ಗಂಟೆ. ಅದಕ್ಕಿಂತ ಹೆಚ್ಚು ಬೇಡ.

ಡಿಸೆಂಬರ್ ಎಂದರೆ ಅರೇಬಿಕಾ ಕುಯ್ಲಿನ ಕಾಲ, ಕಣದ ತುಂಬ ಕಾಫಿ ಹರಡಿರುತ್ತದೆ. ಬಾಬಾಬುಡನ್ ಅವರು ಹದಿನೇಳನೇ ಶತಮಾನದಲ್ಲಿ ಯೆಮನ್‌ನಿಂದ ಏಳು ಬೀಜ ತಂದು ಈ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಹೇಳಿ, ಮಕ್ಕಳ ಕೈಗೆ ಕೆಂಪು ಹಣ್ಣು ಕೊಟ್ಟು ಹಿಸುಕಿಸಿ. ಒಳಗಿನ ಅಂಟು ಸಿಹಿಯೆಂದು ತಿಳಿದಾಗ ಅವರ ಮುಖ ನೋಡಬೇಕು. ಆದರೆ ಕಣದ ಕಾಫಿಯನ್ನು ತುಳಿಯದಂತೆ ನೋಡಿಕೊಳ್ಳಿ. ತೋಟದವರು ಏನೂ ಅನ್ನುವುದಿಲ್ಲ, ಒಳಗೇ ನೊಂದುಕೊಳ್ಳುತ್ತಾರೆ.

ಬಯಲ ಮೊಮ್ಮಗ · 4 ಜನವರಿ 2026

ಹೋಗಿ ಬಂದೆವು. ವರದಿ ಒಪ್ಪಿಸುವುದು ಕರ್ತವ್ಯವೆಂದು ಬರೆಯುತ್ತಿದ್ದೇನೆ.

ಕೊನೆಗೆ ಬಂದವರು ಮೂವತ್ತೊಂದು ಜನ. ಸೋಮವಾರ ಸಂಜೆ ಚಿಕ್ಕಮ್ಮ ನಾಲ್ಕು ಹಾಳೆ ಅಂಟಿಸಿ ಬರೆದಿದ್ದ ವಂಶವೃಕ್ಷವನ್ನು ವಸತಿಯ ಗೋಡೆಗೆ ತೂಗುಹಾಕಿದರು. ಅಜ್ಜಿ ಅದನ್ನು ಓದಿಸಿ ಕೇಳಿ, ಚಿಕ್ಕಂದಿನಲ್ಲೇ ತೀರಿಕೊಂಡ ತಮ್ಮ ಇಬ್ಬರು ಮಕ್ಕಳ ಹೆಸರನ್ನು ಬಿಟ್ಟಿದ್ದೀರಿ ಎಂದರು. ನಮ್ಮ ತಂದೆಗೇ ಅವರಲ್ಲಿ ಒಬ್ಬರ ಹೆಸರು ಗೊತ್ತಿರಲಿಲ್ಲ. ಆ ರಾತ್ರಿ ಬೇರೆ ಯಾವ ಕಾರ್ಯಕ್ರಮವೂ ಬೇಕಾಗಲಿಲ್ಲ.

ಮಂಗಳವಾರ ಬೆಳಿಗ್ಗೆ ನಾಲ್ಕು ಜೀಪುಗಳಲ್ಲಿ ಹೊರಟೆವು. ನಿಂಬೆಹಣ್ಣೂ ಟವೆಲೂ ಎರಡೂ ಬಳಕೆಯಾದವು. ಅಜ್ಜಿ, ಇಬ್ಬರು ಅತ್ತೆಯರು, ದೊಡ್ಡಮ್ಮ, ಕಾಲು ಉಳುಕಿದ್ದ ಒಬ್ಬ ಭಾವ ಸೀತಾಳಯ್ಯನಗಿರಿಯಲ್ಲಿ ಇಳಿದರು. ಪುಣೆ ಕನ್ನಡಿಗರ ಮಾತನ್ನು ನೆನೆದು ಅವರಿಗೆ ಒಂದು ಜೀಪು, ಒಂದು ಬುತ್ತಿ, ಒಂದು ಫ್ಲಾಸ್ಕ್ ಬಿಟ್ಟೆವು. ಇಳಿಯುವಾಗ ಅಜ್ಜಿ ಸೆರಗಿನ ಗಂಟಿನಿಂದ ಹಳದಿ ಬಟ್ಟೆಯ ಮುಡಿಪೊಂದನ್ನು ತೆಗೆದು ನನ್ನ ಹೆಂಡತಿಯ ಕೈಗಿಟ್ಟು, ಮುಳ್ಳಪ್ಪನ ಹುಂಡಿಗೆ ಹಾಕಿಬಿಡು ಎಂದರು. ಯಾವ ಕಾಲದ ಹರಕೆ, ಯಾರಿಗಾಗಿ ಎಂದು ಕೇಳಿದರೆ ಹೇಳಲಿಲ್ಲ.

ಮೆಟ್ಟಿಲು ಹತ್ತುವಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದಿನವರ ಬಣ್ಣದ ಟೋಪಿ ಮಾತ್ರ ಕಾಣುತ್ತಿತ್ತು. ಗದ್ದುಗೆಗೆ ನಮಸ್ಕರಿಸಿ, ಮುಡಿಪು ಹಾಕಿ ಮುಕ್ಕಾಲು ಗಂಟೆ ಕಾದೆವು. ಅಮೆರಿಕದ ಹುಡುಗ ತನ್ನ ಪಟ್ಟಿಯಲ್ಲಿ ಗುರುತು ಹಾಕಿಕೊಂಡ, ಆದರೆ ಏನನ್ನೂ ನೋಡದೆ ಹಾಕಿದ ಗುರುತು ಸಲ್ಲುತ್ತದೋ ಇಲ್ಲವೋ ಎಂಬ ಸಂಶಯ ಅವನಿಗೇ ಬಂತು. ಒಂಬತ್ತು ಗಂಟೆಯ ಸುಮಾರಿಗೆ ಮೂಡಣ ದಿಕ್ಕು ಹತ್ತು ನಿಮಿಷ ತೆರೆದುಕೊಂಡಿತು. ಬಯಲು ಕಂಡಿತು, ದೂರದಲ್ಲಿ ಒಂದು ಕೆರೆ ಫಳಫಳ ಹೊಳೆಯಿತು. ಅದು ಅಯ್ಯನಕೆರೆಯೇ, ಅದರ ಆಚೆಯದೇ ನಮ್ಮೂರು ಎಂದು ದೊಡ್ಡಪ್ಪ ಗದ್ಗದಿತರಾದರು. ಅಲ್ಲವೇ ಅಲ್ಲವೆಂದು ಚಿಕ್ಕಪ್ಪ. ಆ ವಾದ ಇನ್ನೂ ಮುಗಿದಿಲ್ಲ.

ಸಂಜೆ ಹಿರೇಕೊಳಲೆಯಲ್ಲಿ ಅಜ್ಜಿಗೆ ಗಿರಿಯ ಸಾಲನ್ನು ತೋರಿಸಿದೆವು. ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಇದು ನಮ್ಮ ಗಿರಿಯಲ್ಲ ಎಂದುಬಿಟ್ಟರು. ಇದೇ ಗಿರಿ, ಈಗ ತಾನೇ ಮೇಲಿಂದ ಬಂದೆವು ಎಂದು ಎಷ್ಟು ಹೇಳಿದರೂ ಒಪ್ಪಲಿಲ್ಲ. ನಮ್ಮ ಇಡೀ ಯೋಜನೆ ಒಂದು ಕ್ಷಣ ವ್ಯರ್ಥವೆನ್ನಿಸಿತು. ಬುಧವಾರ ಹುಬ್ಬಳ್ಳಿಯವರನ್ನು ರೈಲಿಗೆ ಬಿಡಲು ಕಡೂರಿಗೆ ಹೊರಟಾಗ ಅಜ್ಜಿಯನ್ನೂ ಕೂರಿಸಿಕೊಂಡೆವು. ಸಖರಾಯಪಟ್ಟಣ ದಾಟಿ ಸ್ವಲ್ಪ ದೂರ ಹೋದ ಮೇಲೆ ಅವರು ಡ್ರೈವರಿನ ಭುಜ ತಟ್ಟಿ ನಿಲ್ಲಿಸು ಎಂದರು. ಇಳಿಯಲಿಲ್ಲ, ಕಿಟಕಿಯಿಂದಲೇ ನೋಡಿದರು. ಆ ಕೋನದಿಂದ ಸಾಲು ಬೇರೆಯೇ ತೆರನಾಗಿ ಕಾಣುತ್ತಿತ್ತು, ಬಾಗಿದ ಬೆನ್ನಿನಂತೆ. ನಿನ್ನೆ ಮಕ್ಕಳು ಹತ್ತಿದ್ದು ಅದರಲ್ಲಿ ಯಾವುದು ಎಂದು ಕೇಳಿದರು. ತೋರಿಸಿದೆ. ಎಲ್ಲರೂ ಹತ್ತಿದರಾ ಎಂದರು. ಒಬ್ಬೊಬ್ಬರ ಹೆಸರನ್ನೂ ಹೇಳಿಸಿಕೊಂಡು ಬೆರಳು ಮಡಚುತ್ತಾ ಎಣಿಸಿದರು, ಇಪ್ಪತ್ತಾರು. ರೈಲಿಗೆ ಹೊತ್ತಾಗುತ್ತಿದ್ದರೂ ಹುಬ್ಬಳ್ಳಿಯ ಚಿಕ್ಕಪ್ಪ ಗಡಿಯಾರ ನೋಡಲಿಲ್ಲ.

ಹಿರಿಸೊಸೆ · 4 ಜನವರಿ 2026

ಓರಗಿತ್ತಿಯರು ಹತ್ತಿದರೆ?

ಬಯಲ ಮೊಮ್ಮಗ · 4 ಜನವರಿ 2026

ಸೊಸೆಯಂದಿರೆಲ್ಲರೂ ಹತ್ತಿದರು. ಅಡುಗೆಯನ್ನು ವಸತಿಯವರಿಗೆ ಒಪ್ಪಿಸಿದ್ದರಿಂದ ತಲಾ ಖರ್ಚು ಸ್ವಲ್ಪ ಏರಿತು, ಅದರ ಬಗ್ಗೆ ಗೊಣಗಿದವರು ಗಂಡಸರು ಮಾತ್ರ.

ಭೂಗೋಳದ ಮೇಷ್ಟ್ರು · 5 ಜನವರಿ 2026

ಕೆರೆಯ ವಾದವನ್ನು ಬಗೆಹರಿಸುವುದು ಕಷ್ಟವಲ್ಲ. ಡಿಸೆಂಬರಿನ ಕೊನೆಯಲ್ಲಿ ಸೂರ್ಯ ಹುಟ್ಟುವುದು ನೇರ ಮೂಡಣದಲ್ಲಿ ಅಲ್ಲ, ಆಗ್ನೇಯದ ಕಡೆಗೆ ಸರಿದು. ಒಂಬತ್ತರ ಹೊತ್ತಿಗೆ ಇನ್ನಷ್ಟು ಸರಿದಿರುತ್ತಾನೆ. ಅಯ್ಯನಕೆರೆ ಗಿರಿಯಿಂದ ಈಶಾನ್ಯದ ಕಡೆಗಿದೆ. ಹಾಗಾದರೆ ಹೊಳೆದ ಕೆರೆ ಸೂರ್ಯನ ಎಡಕ್ಕೆ, ಅದೂ ಸಾಕಷ್ಟು ದೂರಕ್ಕೆ ಇರಬೇಕು. ನೀವು ನೋಡಿದ್ದು ಎಡಕ್ಕೋ ಬಲಕ್ಕೋ?

ಬಯಲ ಮೊಮ್ಮಗ · 5 ಜನವರಿ 2026

ಫೋಟೋ ತೆಗೆದು ನೋಡಿದೆ, ಬಲಕ್ಕಿದೆ. ದೊಡ್ಡಪ್ಪನವರು ಈ ವೇದಿಕೆಯನ್ನು ಓದುವುದಿಲ್ಲ, ನಾನೂ ಅವರಿಗೆ ಹೇಳುವುದಿಲ್ಲ.